ನಳ ಬರುವ ದಿನ

ಮನುಷ್ಯನಿಗೆ ದೊಡ್ಡ ಕಷ್ಟ ಬಂದಾಗ ಬಂಧುಬಾಂಧವರು ಓಡಿ ಬರುತ್ತಾರೆ. ಪಕ್ಕದಲ್ಲಿ ಕುಳಿತು ಧೈರ್ಯ ಹೇಳುತ್ತಾರೆ. ಆ ಮನೆಯಲ್ಲಿ ಒಲೆ ಹೊತ್ತಿರಲಾರದೆಂದು ರೊಟ್ಟಿ, ಪಲ್ಯ ಕಟ್ಟಿಕೊಂಡು ಬರುತ್ತಾರೆ. ಸಣ್ಣ ಕಷ್ಟಗಳಿಗೆ ಮಾತ್ರ ಆ ಭಾಗ್ಯವಿಲ್ಲ. ಹಬ್ಬದ ದಿನವೇ ಸಿಲಿಂಡರು ತೀರಿಹೋದದ್ದು, ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯನ್ನು ಮಂಗಗಳು ಹೊತ್ತೊಯ್ದದ್ದು, ಓಣಿಯ ದೀಪ ಹತ್ತದೆ ಹದಿನೈದು ದಿನಗಳಾದದ್ದು, ಇವುಗಳನ್ನು ಯಾರ ಮುಂದೆ ಹೇಳಿಕೊಳ್ಳಬೇಕು? ಹೇಳಿಕೊಂಡರೆ ಕೇಳಿದವರು ತಮ್ಮ ಮನೆಯ ಇಂಥವೇ ನಾಲ್ಕನ್ನು ನಮ್ಮ ಮುಂದಿಡುತ್ತಾರೆ. ಆದ್ದರಿಂದ ಗೃಹಸ್ಥನು ಇವನ್ನೆಲ್ಲ ನುಂಗಿಕೊಂಡು ಬಾಳುವುದನ್ನು ಕಲಿಯುತ್ತಾನೆ. ನಾನೂ ಕಲಿತಿದ್ದೆನೆಂದು ಬಹಳ ವರ್ಷ ನಂಬಿದ್ದೆ.

ನಾನು ಧಾರವಾಡದ ಒಂದು ಹಳೆಯ ಓಣಿಯಲ್ಲಿರುವ ನಿವೃತ್ತ ಶಿಕ್ಷಕ. ಮನೆಯಲ್ಲಿ ಎಂಬತ್ತು ದಾಟಿದ ಅವ್ವ, ನಾವಿಬ್ಬರು, ಮಗ ಮತ್ತು ಸೊಸೆ. ನಾನು ಹೇಳಹೊರಟಿರುವ 2024ನೆಯ ಇಸವಿಯಲ್ಲಿ ನಮ್ಮ ಓಣಿಗೆ ಏಳೆಂಟು ದಿನಗಳಿಗೊಮ್ಮೆ ನಳದ ನೀರು ಬರುತ್ತಿತ್ತು. ಬರುವ ದಿನವನ್ನು ಊಹಿಸಬಹುದಿತ್ತೇ ಹೊರತು ಬರುವ ಹೊತ್ತನ್ನು ಊಹಿಸಲಾಗುತ್ತಿರಲಿಲ್ಲ. ಹಾಡುಹಗಲಲ್ಲಿ ಬರಬಹುದು, ನಡುರಾತ್ರಿಯಲ್ಲಿಯೂ ಬರಬಹುದು. ಬಂದರೆ ಮೂರೋ ನಾಲ್ಕೋ ತಾಸು. ಅಷ್ಟರೊಳಗೆ ಮುಂದಿನ ಎಂಟು ದಿನಗಳ ಸಂಸಾರವನ್ನು ತುಂಬಿಟ್ಟುಕೊಳ್ಳಬೇಕು.

ಓದುಗರು ಗಮನಿಸಿರಬಹುದು, ನಮ್ಮ ಭಾಗದ ಮಾತಿನಲ್ಲಿ ನೀರು ಏಕವಚನದಲ್ಲಿ ಬರುವುದೇ ಇಲ್ಲ. "ನೀರು ಬಂದಾವು", "ನೀರು ಹೋದುವು" ಎಂದೇ ನಾವು ಆಡುವುದು. ಮೈಸೂರಿನ ಕಡೆಯಿಂದ ಬಂದಿದ್ದ ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ ನಗುತ್ತಿದ್ದರು. "ಎಂಟು ದಿನಕ್ಕೊಮ್ಮೆ ದಯಮಾಡಿಸುವ ಅತಿಥಿಗೆ ಬಹುವಚನ ಸಲ್ಲಬೇಕಾದದ್ದೇ" ಎಂದು ನಾನು ಅವರಿಗೆ ಸಮಾಧಾನ ಹೇಳುತ್ತಿದ್ದೆ.

ನಳ ಬರುವ ದಿನದ ಗಡಿಬಿಡಿಯನ್ನು ಅನುಭವಿಸಿದವರೇ ಬಲ್ಲರು. ಮದುವೆಯ ಮುಹೂರ್ತವನ್ನು ಮುಂದೂಡಬಹುದು, ನಳವನ್ನು ಮುಂದೂಡಲಾಗುವುದಿಲ್ಲ. ಅಂದು ಊರಿಗೆ ಹೋಗುವಂತಿಲ್ಲ, ಎಲ್ಲರೂ ಕೂಡಿ ಗುಡಿಗೆ ಹೋಗುವಂತಿಲ್ಲ. ಮನೆಯಲ್ಲಿ ಒಬ್ಬರಾದರೂ ಕಿವಿಯನ್ನು ಬಚ್ಚಲ ಕಡೆಗಿಟ್ಟುಕೊಂಡು ಕೂಡಬೇಕು. ಮೊದಲು ನಳದೊಳಗೆ ಬುಸ್ಸೆಂದು ಗಾಳಿ, ಆಮೇಲೆ ಒಂದೆರಡು ಕೆಮ್ಮು, ಆಮೇಲೆ ಕೆಂಪನೆಯ ನೀರು. ಅದರ ನಂತರ ಓಣಿಯ ಈ ತುದಿಯಿಂದ ಆ ತುದಿಯವರೆಗೆ "ನೀರು ಬಂದಾವ್ರೀ!" ಎಂಬ ಕೂಗು.

ನಮ್ಮ ಮನೆಯಲ್ಲಿ ಪಾತ್ರೆಗಳಿಗೂ ಒಂದು ಸರತಿಯಿತ್ತು. ಮೊದಲ ಎರಡು ಕೊಡ ನೀರನ್ನು ಅವ್ವ ಯಾವುದಕ್ಕೂ ಮುಟ್ಟಗೊಡುತ್ತಿರಲಿಲ್ಲ. ಅವು ದಾಸವಾಳದ ಗಿಡಕ್ಕೆ. ಆಮೇಲೆ ತಿಳಿಯಾಗಿ ಬಂದ ನೀರಿನಲ್ಲಿ ಪೂಜೆಯ ಅಗ್ಗವಣಿಗೆಂದು ತಾಮ್ರದ ಕೊಡ. ಅದರ ನಂತರ ಕುಡಿಯುವ ನೀರಿನ ಹಿತ್ತಾಳೆಯ ಕೊಡಗಳು, ಅಡುಗೆಮನೆಯ ಸ್ಟೀಲಿನ ಡ್ರಮ್ಮು, ಬಚ್ಚಲ ಹಂಡೆ, ಕಡೆಗೆ ಸಂಪು. ನನ್ನ ಸೊಸೆ ಬಂದ ಹೊಸತರಲ್ಲಿ, ಮೊದಲಿನ ಎರಡು ಕೊಡ ವ್ಯರ್ಥವಾಗುವುದನ್ನು ಕಂಡು ಮುಜುಗರಪಟ್ಟಿದ್ದಳು. ಅವ್ವನ ಕಟ್ಟಳೆಗೆ ಆಧಾರವಿತ್ತೆಂಬುದು ಅನಂತರ ತಿಳಿಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮ ಹುಬ್ಬಳ್ಳಿ-ಧಾರವಾಡದ ನಳಗಳ ನೀರನ್ನೇ ಪರೀಕ್ಷಿಸಿ 2013ರಲ್ಲಿ ಮತ್ತು ಅದರ ಮುಂದಿನ ವರ್ಷ ಲೇಖನಗಳನ್ನು ಪ್ರಕಟಿಸಿದ್ದಾರೆ. ಸದಾ ಹರಿಯುವ ನಳಕ್ಕಿಂತ ಆಗೊಮ್ಮೆ ಈಗೊಮ್ಮೆ ಬರುವ ನಳದ ನೀರಿನಲ್ಲಿ ರೋಗಾಣುಗಳ ಸುಳಿವು ಹೆಚ್ಚು, ಅದರಲ್ಲಿಯೂ ಮೊದಲು ನುಗ್ಗಿ ಬರುವ ನೀರಿನಲ್ಲಿ ಇನ್ನೂ ಹೆಚ್ಚು ಎಂಬುದು ಅವರು ಕಂಡುಕೊಂಡದ್ದು. ದಿನಗಟ್ಟಲೆ ಬರಿದಾಗಿ ಬಿದ್ದ ಕೊಳವೆಯೊಳಗೆ ಬಿರುಕುಗಳ ಮೂಲಕ ಸುತ್ತಲಿನ ಹೊಲಸು ಇಳಿಯುತ್ತದೆ. ನೀರು ಬಿಟ್ಟಾಗ ಅದೇ ಮೊದಲು ಹೊರಗೆ ಬರುತ್ತದೆ. ನಮ್ಮವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಈ ನೀರು ಬರುವುದಾದರೂ ಎಲ್ಲಿಂದ? ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ನಿಂತ ರೇಣುಕಾಸಾಗರದಿಂದ ಅದನ್ನು ಎತ್ತಿ, ಅಮ್ಮಿನಬಾವಿಯಲ್ಲಿ ಶುದ್ಧಗೊಳಿಸಿ, ನಮ್ಮ ಊರಿನ ಎತ್ತರಕ್ಕೆ ಏರಿಸುತ್ತಾರೆ. ಅಷ್ಟು ದೂರ ನಡೆದು ಬಂದ ನೀರು ನಮ್ಮ ಕೊಡದಲ್ಲಿ ಬಿದ್ದಾಗ ಕೃತಜ್ಞತೆಯೇ ಮೂಡಬೇಕು, ಗೊಣಗಾಟವಲ್ಲ. ನಮ್ಮ ಅವಳಿ ನಗರದ ಕೆಲವು ವಾರ್ಡುಗಳಿಗೆ ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ 2008ರಿಂದ ದಿನದ 24 ಗಂಟೆಯೂ ನೀರು ಬರತೊಡಗಿತು. ಬೆಳಗಾವಿ, ಕಲಬುರಗಿಗಳ ಕೆಲವು ಬಡಾವಣೆಗಳಿಗೂ ಆಗಲೇ ಬಂತು. ನನ್ನ ಮಗಳನ್ನು ಕೊಟ್ಟ ಮನೆ ಅಂಥದೊಂದು ವಾರ್ಡಿನಲ್ಲಿದೆ. ಅವಳ ಮನೆಯಲ್ಲಿ ನೀರು ತುಂಬಿಡುವ ಪಾತ್ರೆಗಳೇ ಇಲ್ಲ. ಮೊದಲ ಸಲ ಹೋದಾಗ ಅವ್ವನಿಗೆ ಆ ಮನೆ ಬರಿದಾಗಿ ಕಂಡಿತು. "ಒಂದು ಹಂಡೇನೂ ಇಲ್ಲದ ಮನೀಗೆ ಹೆಣ್ಣು ಕೊಟ್ಟಿ" ಎಂದು ಹಿಂದಿರುಗುವ ದಾರಿಯಲ್ಲಿ ನನ್ನನ್ನು ಆಕ್ಷೇಪಿಸಿದಳು.

ಇಲ್ಲಿ ನಮ್ಮ ಪಕ್ಕದ ಮನೆಯವರ ಸಂಗತಿಗೆ ಬರಬೇಕು. ಹೆಸರು ಬೇಡ, ಓಣಿಯವರೆಲ್ಲರೂ ಗೌಡರೆಂದೇ ಕರೆಯುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ನಮ್ಮಿಬ್ಬರ ಮನೆಗಳ ನಡುವೆ ಎದೆಯೆತ್ತರದ ಒಂದು ಗೋಡೆ. ಮೂವತ್ತು ವರ್ಷಗಳಿಂದ ಆ ಗೋಡೆಯ ಮೇಲಿಂದ ಹೋಳಿಗೆ ದಾಟಿವೆ, ಚಕ್ಕುಲಿ ದಾಟಿವೆ, ದಿನಪತ್ರಿಕೆ ದಾಟಿದೆ. ನಡುರಾತ್ರಿ ನಳ ಬಂದರೆ ಮೊದಲು ಎಚ್ಚತ್ತವರು ಇನ್ನೊಬ್ಬರ ಬಾಗಿಲು ಬಡಿಯುವುದು ನಮ್ಮೊಳಗಿನ ಅಲಿಖಿತ ಕರಾರಾಗಿತ್ತು.

2021ರಲ್ಲಿ ಗೌಡರು ತಮ್ಮ ನಳಕ್ಕೆ ನೇರವಾಗಿ ಮೋಟಾರು ಹಚ್ಚಿದರು. ಸಂಪಿನಿಂದ ಮಾಳಿಗೆಗೆ ನೀರೆತ್ತುವ ಮೋಟಾರು ತಪ್ಪಲ್ಲ. ಬೀದಿಯ ಕೊಳವೆಯಿಂದಲೇ ನೀರನ್ನು ಎಳೆಯುವ ಮೋಟಾರು ಕಾನೂನಿಗೆ ವಿರುದ್ಧ. ಅದು ನೆರೆಯವರ ಪಾಲನ್ನು ಎಳೆಯುತ್ತದೆ. ಕೊಳವೆಗೆ ಬಿರುಕಿದ್ದರೆ ಪಕ್ಕದ ಗಟಾರವನ್ನೂ ಎಳೆಯುತ್ತದೆ. ಒಬ್ಬರು ಹಚ್ಚಿದರೆ ಮುಂದಿನ ಮನೆಯವರೂ ಹಚ್ಚದೆ ಗತಿಯಿಲ್ಲ. ನಾನು ಹಚ್ಚಲಿಲ್ಲ. ಬದಲಿಗೆ ಮೀಟರು ನೋಡಲು ಬಂದ ಸಿಬ್ಬಂದಿಗೆ ವಿಷಯ ತಿಳಿಸಿದೆ. ಅವರು ಬಂದು ಮೋಟಾರು ಬಿಚ್ಚಿಕೊಂಡು ಹೋದರು. ತಿಳಿಸಿದವರು ಯಾರೆಂದು ಗೌಡರಿಗೆ ಗೊತ್ತಾಗಲು ಒಂದು ದಿನವೂ ಬೇಕಾಗಲಿಲ್ಲ. ಒಂದು ತಿಂಗಳ ಮೇಲೆ ಅವರು ಹೊಸ ಮೋಟಾರು ತಂದರು, ಮೊದಲಿನದಕ್ಕಿಂತ ದೊಡ್ಡದು. ಅಂದಿನಿಂದ ಮೂರು ವರ್ಷ ನಮ್ಮೊಳಗೆ ಮಾತಿಲ್ಲ. ಹೆಂಗಸರು ಗೋಡೆಯ ಬಳಿ ತಗ್ಗಿದ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು, ನಾವು ಕಂಡರೆ ಸುಮ್ಮನಾಗುತ್ತಿದ್ದರು. ಬಾಗಿಲು ಬಡಿಯುವ ಕರಾರಂತೂ ಮುರಿದೇ ಹೋಯಿತು. ನಾನು ಎರಡು ಸಲ ನಳದ ರಾತ್ರಿ ಗಾಢವಾಗಿ ಮಲಗಿಬಿಟ್ಟು ಟ್ಯಾಂಕರಿನವನ ಕೈಕಾಲು ಹಿಡಿದದ್ದುಂಟು.

ಗೌಡರ ಮೊಮ್ಮಗಳಿಗೆ ಮಾತ್ರ ಈ ಜಗಳದ ಗೊಡವೆಯಿರಲಿಲ್ಲ. ಆರು ವರ್ಷದ ಆ ಕೂಸು ಶಾಲೆ ಬಿಟ್ಟೊಡನೆ ಗೇಟು ತಳ್ಳಿಕೊಂಡು ನಮ್ಮ ಹಿತ್ತಿಲಿಗೇ ಬರುತ್ತಿತ್ತು. ಅಲ್ಲಿ ಅವಳ ಆಕರ್ಷಣೆ ಒಂದು ಕಲ್ಲಿನ ದೋಣಿ.

ಆ ದೋಣಿಯ ಕಥೆಯನ್ನು ಸ್ವಲ್ಪ ಹೇಳಬೇಕು. ಬೆಳವಲದ ನಮ್ಮ ಹಳ್ಳಿಯ ಮನೆಯ ಮುಂದೆ ಎತ್ತುಗಳು ನೀರು ಕುಡಿಯಲೆಂದು ನನ್ನ ಮುತ್ತಜ್ಜ ಒಂದೇ ಬಂಡೆಯಲ್ಲಿ ಕಡೆಸಿದ್ದ ದೋಣಿಯದು. ಅಣ್ಣತಮ್ಮಂದಿರ ಪಾಲು ಆದಾಗ ಹೊಲ ಅವರಿಗೆ ಹೋಯಿತು. ನೌಕರಿಯಿದ್ದ ನಾನು ದೋಣಿಯೊಂದನ್ನು ಕೇಳಿಕೊಂಡೆ. 1996ರಲ್ಲಿ ಅದನ್ನು ಟ್ರ್ಯಾಕ್ಟರಿನಲ್ಲಿ ತಂದು, ಎಂಟು ಜನ ಸೇರಿ ಹಿತ್ತಿಲಲ್ಲಿ ಇಳಿಸಿದೆವು. ಅದಕ್ಕೆ ಮುಚ್ಚಳವಿಲ್ಲ, ನೀರು ಹೊರಗೆ ಹೋಗಲು ಕಿಂಡಿಯಿಲ್ಲ, ಅಲುಗಿಸಲು ಬರುವುದಿಲ್ಲ. ಅಪ್ಪನ ಕೈ ಆಡಿದ ಕಲ್ಲು ಎಂಬ ಅಭಿಮಾನ ನನ್ನದು. ಅದರ ಮೇಲೆ ಒಂದು ಉಪಯೋಗವೂ ಒದಗಿತು.

ನಮ್ಮ ಓಣಿಯಲ್ಲಿ, ನಮ್ಮ ಓಣಿಯಲ್ಲೇನು, ನೀರು ತಡೆದು ಬರುವ ಊರುಗಳಲ್ಲೆಲ್ಲ ಒಂದು ರೂಢಿಯುಂಟು. ಹೊಸ ನೀರು ಬಂದೊಡನೆ ಪಾತ್ರೆಗಳಲ್ಲಿ ಉಳಿದ ನೀರನ್ನು ಚೆಲ್ಲಿ, ಪಾತ್ರೆ ತಿಕ್ಕಿ, ಮತ್ತೆ ತುಂಬುವುದು. "ಹಳೇ ನೀರು ಯಾಕ ಇಟ್ಕೋಬೇಕ್ರೀ? ಹೊಸಾ ನೀರು ಬಂದಾವಲ್ಲ" ಎಂದು ನನ್ನ ಮನೆಯವರ ವಾದ. ನೀರೇನು ಅನ್ನವೇ, ಸಾರೇ, ಹಳಸುವುದಕ್ಕೆ? ಇಡೀ ವಾರ ಒಂದೊಂದು ಚರಿಗೆಗೂ ಲೆಕ್ಕ ಹಾಕಿದವರು ಎಂಟನೆಯ ದಿನ ಕೊಡಗಟ್ಟಲೆ ನೀರನ್ನು ಬೀದಿಗೆ ಚೆಲ್ಲುವುದನ್ನು ಕಂಡರೆ ನನಗೆ ಮೈಯುರಿಯುತ್ತಿತ್ತು. ಶಾಲೆಯಲ್ಲಿ ಮೂವತ್ತಾರು ವರ್ಷ ಮಿತವ್ಯಯದ ಪಾಠ ಹೇಳಿದವನು ನಾನು. ಮನೆಯಲ್ಲಿ ಒಂದು ಆಜ್ಞೆ ಹೊರಡಿಸಿದೆ: ಉಳಿದ ನೀರನ್ನು ಚೆಲ್ಲಕೂಡದು, ಹಿತ್ತಿಲ ದೋಣಿಗೆ ಸುರಿಯಬೇಕು. ಆಪತ್ಕಾಲಕ್ಕೆ ಇರಲಿ. ಹೇಳಿದ ಮೇಲೆ ಸುರಿಯುವ ಕೆಲಸವೂ ನನ್ನದೇ ಆಯಿತು. ಪ್ರತಿ ನಳದ ದಿನ ನಾಲ್ಕಾರು ಕೊಡ ದೋಣಿಗೆ ಬೀಳುತ್ತಿದ್ದವು. ಬಿಸಿಲಿಗೆ ಕೆಳಗಿಳಿದಿದ್ದ ನೀರು ಮತ್ತೆ ಅಂಚಿನವರೆಗೆ ಏರುತ್ತಿತ್ತು. ಆ ಆಪತ್ಕಾಲ ಒಮ್ಮೆಯೂ ಬರಲಿಲ್ಲ. ದೋಣಿಯ ನೀರನ್ನು ನಾವು ಬಳಸಿದ್ದೇ ಅಪರೂಪ. ತುಂಬಿರುವ ದೋಣಿಯನ್ನು ನೋಡುವುದೇ ಒಂದು ಸಮಾಧಾನ. ನೆರೆಹೊರೆಯವರಿಗೂ ಇದನ್ನು ಹೇಳಿ, ನಾಲ್ಕು ಜನರಿಂದ ಭೇಷ್ ಅನ್ನಿಸಿಕೊಂಡಿದ್ದೆ.

ಕೂಸು ಆ ನೀರಿನಲ್ಲಿ ಕಾಗದದ ದೋಣಿ ಬಿಡುತ್ತಿತ್ತು. "ಅಜ್ಜಾ, ದೋಣ್ಯಾಗ ದೋಣಿ" ಎಂದು ತನ್ನ ಮಾತಿಗೆ ತಾನೇ ನಗುತ್ತಿತ್ತು. ಸಾಯಂಕಾಲದ ನಾಲ್ಕರಿಂದ ಆರರವರೆಗೆ ಅವಳು ಅಲ್ಲಿಯೇ.

2024ರ ಮಳೆಗಾಲದಲ್ಲಿ ರಾಜ್ಯದ ತುಂಬ ಡೆಂಗಿ ಜ್ವರ ಹಬ್ಬಿದ್ದು ಓದುಗರಿಗೆ ನೆನಪಿರಬಹುದು. ಶ್ರಾವಣದ ಮೊದಲ ಸೋಮವಾರ ಕಳೆದು ಎರಡು ದಿನಗಳಾಗಿದ್ದವು. ಕೂಸು ಹಿತ್ತಿಲಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಜ್ವರವೆಂದು ಹೆಂಗಸರ ಮೂಲಕ ತಿಳಿಯಿತು. ಮೂರನೆಯ ದಿನ ರಕ್ತ ಪರೀಕ್ಷೆಯಲ್ಲಿ ಡೆಂಗಿಯೆಂದು ಗೊತ್ತಾಗಿ ಆಸ್ಪತ್ರೆಗೆ ಸೇರಿಸಿದರು. ಅವಳ ತಂದೆ ದೂರದ ಊರಿನಲ್ಲಿ ನೌಕರಿಯಲ್ಲಿದ್ದುದರಿಂದ ಓಡಾಟವೆಲ್ಲ ಗೌಡರ ಪಾಲಿಗೆ.

ಅಂದು ರಾತ್ರಿ ನಾನು ಮಾಡಿದ ಕೆಲಸ ನನಗೆ ಇಂದಿಗೂ ಚೆನ್ನಾಗಿ ನೆನಪಿದೆ. ಓಣಿಯ ಮೂಲೆಯಲ್ಲಿ ಕಟ್ಟಿಕೊಂಡಿದ್ದ ಗಟಾರದ ಬಗ್ಗೆ ಒಂದು ಮನವಿ ಪತ್ರ ಬರೆದೆ. "ಈ ಗಟಾರದ ಸೊಳ್ಳೆಗಳಿಂದ ಮುಗ್ಧ ಬಾಲಕಿಯೊಬ್ಬಳು ರೋಗಗ್ರಸ್ತಳಾಗಿರುವಳು" ಎಂಬ ವಾಕ್ಯ ಅದರಲ್ಲಿತ್ತು. ಭಾಷೆ ಚೆನ್ನಾಗಿ ಬಂದಿದೆಯೆಂದು ಎರಡು ಸಲ ಓದಿಕೊಂಡೆ.

ಮರುದಿನ ಬೆಳಿಗ್ಗೆ ಆಶಾ ಕಾರ್ಯಕರ್ತೆ ಮತ್ತು ಅವಳೊಡನೆ ಇನ್ನೊಬ್ಬ ಹುಡುಗ ಓಣಿಗೆ ಬಂದರು. ಒಂದು ಮನೆಯಲ್ಲಿ ಡೆಂಗಿ ಕಂಡರೆ ಸುತ್ತಲಿನ ಮನೆಗಳ ನೀರನ್ನು ತಪಾಸಣೆ ಮಾಡುವುದು ಅವರ ಪದ್ಧತಿ. ನಾನು ಮನವಿ ಪತ್ರವನ್ನು ಓದಿ ತೋರಿಸಿದೆ. ಅವಳು ಸಾವಧಾನವಾಗಿ ಕೇಳಿ, ಒಳಗೆ ಬಂದಳು. ಸಂಪಿನ ಮುಚ್ಚಳ ಸರಿಯಾಗಿತ್ತು. ಮಾಳಿಗೆಯ ಸಿಂಟೆಕ್ಸ್ ಸರಿಯಾಗಿತ್ತು. ಕೊಡಗಳು, ಡ್ರಮ್ಮು, ಹಂಡೆ ಎಲ್ಲವೂ ವಾರ ವಾರ ತಿಕ್ಕಿದ್ದು. ಒಂದು ಹುಳುವೂ ಇಲ್ಲ. "ಭಾಳ ಸ್ವಚ್ಛ ಇಟ್ಟೀರಿ ಅಕ್ಕಾರ" ಎಂದು ಮನೆಯವರನ್ನು ಹೊಗಳಿ ಹಿತ್ತಿಲಿಗೆ ನಡೆದಳು. ದೋಣಿಯ ಅಂಚಿನಲ್ಲಿ ಟಾರ್ಚು ಹಿಡಿದು ಬಗ್ಗಿದವಳು ಹೊರಳಿ ನೋಡಲಿಲ್ಲ.

"ಅಜ್ಜಾರ, ಇಲ್ಲಿ ಬರ್ರಿ. ಇದನ್ನ ನೋಡ್ರಿ."

ಬೆಳಕಿನ ವೃತ್ತದಲ್ಲಿ ನೂಲಿನ ತುಣುಕುಗಳಂಥ ಮರಿಹುಳುಗಳು ಡೊಂಕಾಗುತ್ತ, ನೆಟ್ಟಗಾಗುತ್ತ ಕೆಳಗಿಳಿಯುತ್ತಿದ್ದವು. ಒಂದೆರಡಲ್ಲ. ಅವುಗಳ ನಡುವೆ ನೆನೆದು ಬಿಚ್ಚಿಹೋದ ಒಂದು ಕಾಗದದ ದೋಣಿ.

"ಗಟಾರದಾಗಿನ ಸೊಳ್ಳಿ ಬ್ಯಾರೆ, ಇದು ಬ್ಯಾರೆರೀ. ಇದಕ್ಕ ಹೊಲಸ ನೀರು ಬೇಕಾಗಿಲ್ಲ. ನಿಮ್ಮಂಥವರ ಮನಿಯ ಸ್ವಚ್ಛ ನೀರ ಬೇಕು" ಎಂದಳು. ಅವಳ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ.

ಆಮೇಲೆ ಅವಳು ವಿವರಿಸಿದ್ದನ್ನು, ಅನಂತರ ನಾನು ಓದಿ ಖಚಿತಪಡಿಸಿಕೊಂಡದ್ದನ್ನು ಇಲ್ಲಿ ಹೇಳುವುದು ನನ್ನ ಕರ್ತವ್ಯ. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ಹೆಚ್ಚಾಗಿ ಮುಂಜಾವಿನ ಬಳಿಕ ಮತ್ತು ಹೊತ್ತು ಮುಳುಗುವ ಮುನ್ನ. ಅದು ತತ್ತಿಯಿಡುವುದು ನೀರಿನೊಳಗಲ್ಲ. ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಅಂಟಿಸುತ್ತದೆ. ಆ ತತ್ತಿಗಳು ತಿಂಗಳುಗಟ್ಟಲೆ ಒಣಗಿ ಬಿದ್ದರೂ ಸಾಯುವುದಿಲ್ಲ. ನೀರಿನ ಮಟ್ಟ ಏರಿ ಅವು ಮುಳುಗಿದೊಡನೆ ಮರಿಯಾಗುತ್ತವೆ. ಅಲ್ಲಿಂದ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ಹಾರಿದರೂ ಬಹಳ ದೂರ ಹೋಗುವ ಪ್ರಾಣಿಯಲ್ಲ ಅದು. ಹುಟ್ಟಿದ ಮನೆಯ ಆಸುಪಾಸಿನಲ್ಲಿಯೇ ಇರುತ್ತದೆ. ಆದ್ದರಿಂದಲೇ ವಾರಕ್ಕೊಮ್ಮೆ ಪಾತ್ರೆಯನ್ನು ಪೂರ್ತಿ ಬರಿದು ಮಾಡಿ, ಒಳಮೈಯನ್ನು ತಿಕ್ಕಿ ತೊಳೆಯಬೇಕೆಂದು ಹೇಳುವುದು. ಬರೀ ಚೆಲ್ಲಿದರೆ ತತ್ತಿ ಹೋಗುವುದಿಲ್ಲ.

ಓದುಗರು ಈಗ ಕೂಡಿಸಿ ನೋಡಬಹುದು. ನನ್ನ ಮನೆಯವರು ಮೂಢತನವೆಂದು ನಾನು ಹೀಯಾಳಿಸುತ್ತಿದ್ದ ರೂಢಿಯಿಂದ ಮನೆಯ ಎಲ್ಲ ಪಾತ್ರೆಗಳೂ ಶುದ್ಧವಾಗಿದ್ದವು. ನನ್ನ ಮಿತವ್ಯಯದ ದೋಣಿಯೊಂದೇ ಕೆಟ್ಟಿತ್ತು. ಒರಟು ಕಲ್ಲಿನ ಗೋಡೆಗೆ ತತ್ತಿ ಅಂಟುತ್ತಿತ್ತು. ಎಂಟು ದಿನಕ್ಕೊಮ್ಮೆ ನಾನು ನಾಲ್ಕಾರು ಕೊಡ ಸುರಿದು ನೀರಿನ ಮಟ್ಟವನ್ನು ಏರಿಸುತ್ತಿದ್ದೆ. ಸೊಳ್ಳೆ ಸಾಕುವ ವೃತ್ತಿಯನ್ನೇ ಕೈಗೊಂಡಿದ್ದರೂ ಇದಕ್ಕಿಂತ ಕ್ರಮಬದ್ಧವಾಗಿ ಮಾಡುತ್ತಿದ್ದೆನೋ ಇಲ್ಲವೋ. ಮುಂದೆ ಅದೇ ವರ್ಷದ ಸಪ್ಟೆಂಬರಿನಲ್ಲಿ ಸರಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಗೊಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಪತ್ರಿಕೆಯಲ್ಲಿ ಅದನ್ನೋದಿದಾಗ ನನಗೆ ಅಗ್ಗವೆನಿಸಿತು.

ಅಂದು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಗೌಡರಿಗೆ ಹೇಳಬೇಕೇ? ಆ ಕೂಸನ್ನು ಕಚ್ಚಿದ ಸೊಳ್ಳೆ ನಮ್ಮ ದೋಣಿಯದೇ ಎಂದು ಯಾರೂ ಸಿದ್ಧಪಡಿಸಲಾರರು. ಶಾಲೆಯಲ್ಲಿಯೂ ಕಚ್ಚಿರಬಹುದು. ಓಣಿಯ ಇನ್ನೂ ಕೆಲವು ಮನೆಗಳಲ್ಲಿ ಹುಳು ಸಿಕ್ಕಿವೆಯೆಂದೂ ಕೇಳಿದ್ದೆ. ಹೇಳದಿದ್ದರೆ ನಡೆಯುತ್ತಿತ್ತು. ಇವೆಲ್ಲವನ್ನೂ ನಾನು ಅವ್ವನ ಮುಂದೆ ಒಂದು ವಾದದಂತೆ ಮಂಡಿಸುತ್ತಿದ್ದೆ. ಅವಳು ವಿಭೂತಿಯ ಬಟ್ಟಲನ್ನು ಗೂಡಿನಲ್ಲಿಟ್ಟು, "ತಪ್ಪು ಯಾರದು ಅಂತ ಆಮ್ಯಾಲ ನೋಡೂಣು. ಮೋಟಾರ ಹಚ್ಚಿದಾಗ ಹೇಳಾಕ ಓಡಿದ್ದಿ, ಈಗ್ಯಾಕ ಕಾಲು ಬರವಲ್ಲವು?" ಎಂದಳು.

ಹೋದೆ. ಗೌಡರು ಆಗಷ್ಟೇ ಆಸ್ಪತ್ರೆಯಿಂದ ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಮೂರು ವರ್ಷಗಳಲ್ಲಿ ಅವರು ಇಷ್ಟು ಮುಪ್ಪಾಗಿದ್ದಾರೆಂದು ಗೋಡೆಯಾಚೆಯಿಂದ ನನಗೆ ಕಂಡಿರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ದೋಣಿ, ಹುಳು, ಕಾಗದ, ಎಲ್ಲವನ್ನೂ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನ್ನ ಮೋಟಾರದ ಸುದ್ದಿ ಊರಿಗೆಲ್ಲಾ ಹೇಳಿದ್ರಿ, ಮಾಸ್ತರ. ಇದನ್ನೂ ಹೇಳ್ತೀರೇನು?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅವರು ಎದ್ದು ಒಳಗೆ ಹೋದರು. ಕೂಡಿರೆಂದು ಹೇಳಲಿಲ್ಲ.

ಮರುದಿನದಿಂದ ಅವ್ವನೇ ಗಂಜಿ ಕಾಸಿ ಡಬ್ಬಿಯಲ್ಲಿ ಹಾಕಿ ಕೊಡತೊಡಗಿದಳು. ನಾನು ಆಸ್ಪತ್ರೆಯ ವರಾಂಡದವರೆಗೆ ಒಯ್ದು ಗೌಡರ ಸೊಸೆಯ ಕೈಗೆ ಕೊಟ್ಟು ಬರುತ್ತಿದ್ದೆ. ಐದನೆಯ ದಿನ ಜ್ವರ ಇಳಿಯಿತು. ನಾನು ಸಂತೋಷಪಟ್ಟೆ, ವೈದ್ಯರು ಪಡಲಿಲ್ಲ. ಡೆಂಗಿಯಲ್ಲಿ ಜ್ವರ ಇಳಿದ ಬಳಿಕದ ಒಂದೆರಡು ದಿನಗಳೇ ಅಪಾಯದವು ಎಂದು ಅವರು ಹೇಳಿದರು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಮಂಕು, ಇವುಗಳಲ್ಲಿ ಯಾವುದು ಕಂಡರೂ ತಡಮಾಡಕೂಡದಂತೆ. ಈ ಜ್ವರವನ್ನು ಗುಣಪಡಿಸುವ ಔಷಧಿಯೆಂಬುದಿಲ್ಲ. ನೀರು, ಗಂಜಿ, ಓಆರ್‌ಎಸ್‌ಗಳಿಂದ ಶರೀರವನ್ನು ಕಾಯ್ದುಕೊಳ್ಳಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೇನ್ ಮುಂತಾದವನ್ನು ಕೊಟ್ಟರೆ ರಕ್ತಸ್ರಾವಕ್ಕೆ ದಾರಿ. ನಮ್ಮ ಜನ "ಬಿಳಿ ರಕ್ತಕಣ ಇಳಿದಾವು" ಎಂದು ಗಾಬರಿಯಾಗುತ್ತಾರಲ್ಲ, ಇಳಿಯುವುದು ಪ್ಲೇಟ್‌ಲೆಟ್. ಅದು ಬಿಳಿ ಕಣವಲ್ಲ. ಓಣಿಯ ಮೂಲೆಯ ಪಪ್ಪಾಯಿ ಗಿಡವಂತೂ ಆ ವಾರ ಎಲೆಯಿಲ್ಲದೆ ಬೋಳಾಗಿತ್ತು. ಎಲೆಯ ರಸವನ್ನು ನಂಬಿ ಆಸ್ಪತ್ರೆಗೆ ಬರುವುದನ್ನು ತಡಮಾಡಬೇಡಿರೆಂದು ವೈದ್ಯರು ಹೇಳಿದ್ದು ಆ ಗಿಡಕ್ಕೆ ಕೇಳಿಸಿದ್ದರೆ ಒಳ್ಳೆಯದಿತ್ತು.

ಆರನೆಯ ದಿನ ಕೂಸಿಗೆ ಹೊಟ್ಟೆನೋವು ಬಂತು. ಆ ರಾತ್ರಿಯನ್ನು ನಾನು ವರಾಂಡದ ಬೆಂಚಿನ ಮೇಲೆ ಕಳೆದೆ. ಬೆಂಚಿನ ಇನ್ನೊಂದು ತುದಿಯಲ್ಲಿ ಗೌಡರು. ಇಬ್ಬರೂ ಮಾತಾಡಲಿಲ್ಲ. ಬೆಳಗಿನ ಜಾವ ಅವರು ಎರಡು ಕಪ್ಪು ಚಹಾ ತಂದು, ಒಂದನ್ನು ನನ್ನ ಪಕ್ಕದಲ್ಲಿಟ್ಟರು. ಹತ್ತು ಗಂಟೆಗೆ ಕೂಸು ಗಂಜಿ ಕೇಳಿದಳಂತೆ.

ಅವಳು ಮನೆಗೆ ಬಂದದ್ದು ಒಂಬತ್ತನೆಯ ದಿನ. ಅಷ್ಟರೊಳಗೆ ನಾನು ಮಗನ ಸಹಾಯದಿಂದ ಪೈಪು ಇಳಿಬಿಟ್ಟು ದೋಣಿಯ ನೀರನ್ನೆಲ್ಲ ಗಿಡಗಳಿಗೆ ಹರಿಸಿ, ಬ್ರಶ್ಶಿನಿಂದ ಕಲ್ಲನ್ನು ಮೂರು ಸಲ ತಿಕ್ಕಿ, ಬಿಸಿಲಿಗೆ ಬಿಟ್ಟಿದ್ದೆ. ಮಳೆಗಾಲದಲ್ಲಿ ತಾನಾಗಿಯೇ ತುಂಬುವ ಭಯವಿತ್ತಲ್ಲ. ಕಲ್ಲುಕುಟಿಗನನ್ನು ಕರೆಸಿ ಬುಡದಲ್ಲಿ ಒಂದು ತೂತು ಕೊರೆಸಿದೆ. ಒಂದು ಹಗಲು ಹಿಡಿಯಿತು. ಮುತ್ತಜ್ಜನ ದೋಣಿಗೆ ತೂತು ಬೀಳುವುದನ್ನು ಅವ್ವ ನೋಡಲಾರದೆ ಒಳಗೇ ಇದ್ದಳು. ನನ್ನ ಮನವಿ ಪತ್ರವನ್ನು ಕಳಿಸಿದೆ, ಗಟಾರ ಕಟ್ಟಿಕೊಂಡಿದ್ದು ಸುಳ್ಳಲ್ಲವಲ್ಲ. ಬಾಲಕಿಯ ವಾಕ್ಯವನ್ನು ಮಾತ್ರ ಹೊಡೆದುಹಾಕಿದೆ. ಇತ್ತ ನನ್ನ ಮನೆಯವರು ಹಳೆಯ ನೀರನ್ನು ಮೊದಲಿನಂತೆಯೇ ಚೆಲ್ಲುತ್ತಾರೆ, ಈಗ ಬೀದಿಗಲ್ಲ, ತೆಂಗಿನ ಬುಡಕ್ಕೆ. ನಾನು ಬಾಯಿ ತೆರೆಯುವುದಿಲ್ಲ.

ಕೂಸು ಹಿತ್ತಿಲಿಗೆ ಬಂದು ಖಾಲಿ ದೋಣಿಯನ್ನು ಕಂಡು, "ಅಜ್ಜಾ, ನೀರು ಎಲ್ಲಿ ಹೋದುವು?" ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ತಾನೇ ಅದರೊಳಗೆ ಇಳಿದು ಕುಳಿತು, ಎರಡೂ ಕೈಗಳಿಂದ ಹುಟ್ಟುಹಾಕತೊಡಗಿದಳು. ತುಂಬು ತೋಳಿನ ಅಂಗಿ ತೊಡಿಸಿ ಕಳಿಸಿದ್ದರು. ಈ ಜ್ವರದ ವಿಷಾಣುವಿನಲ್ಲಿ ನಾಲ್ಕು ಬಗೆಗಳಿವೆಯಂತೆ. ಒಂದು ಬಂದು ಹೋದವರಿಗೆ ಇನ್ನೊಂದು ಬಗೆ ಬಂದರೆ ಹೆಚ್ಚು ಕಠಿಣವಾಗುವ ಸಂಭವವುಂಟು. ಅವಳ ಅಜ್ಜಿ ಇದನ್ನು ಕೇಳಿದಾಗಿನಿಂದ ಅಂಗಿಯ ತೋಳನ್ನು ಮೇಲೆ ಮಡಿಚಲು ಬಿಡುವುದಿಲ್ಲ.

ಅದಾದ ನಾಲ್ಕೋ ಐದೋ ದಿನಗಳ ಮೇಲೆ, ರಾತ್ರಿ ಮೂರರ ಸುಮಾರಿಗೆ, ನಮ್ಮ ಬಾಗಿಲು ಬಡಿದ ಸಪ್ಪಳವಾಯಿತು.

"ಮಾಸ್ತರ, ನೀರು ಬಂದಾವ್ರೀ!"

ಚಿಲಕ ತೆಗೆದು ಹೊರಗೆ ಬರುವಷ್ಟರಲ್ಲಿ ಗೌಡರು ಗೇಟು ದಾಟಿ ಹೋಗಿದ್ದರು. ಗೋಡೆಯಾಚೆ ಅವರ ಮೋಟಾರು ಆಗಲೇ ಗುಂಯ್‌ಗುಡುತ್ತಿತ್ತು. ನಮ್ಮ ನಳದಲ್ಲಿ ನೀರು ಸಣ್ಣಗೆ ಬರುತ್ತಿದ್ದವು. ನಾನು ಕೊಡ ಹಿಡಿದು ಕುಳಿತೆ. ಮೊದಲ ಎರಡು ಕೊಡ ದಾಸವಾಳಕ್ಕೆ ಹೋದುವು.